ಕೊನೆಯ ಸಾಲಿನ ಬಟ್ಟಲು

ಸುಭಾಷ ಜೈಲಿನಿಂದ ಬಿಡುಗಡೆಯಾಗಿ ಬಂದ ಭಾನುವಾರ, ಪಾಸ್ಟರ್ ಗುರುಪಾದ ಅವನನ್ನು ಇಡೀ ಸಭೆಯ ಮುಂದೆ ತಬ್ಬಿಕೊಂಡರು. ಕಿಶೋರನಿಗೆ ಅದನ್ನು ನೋಡಲಾಗಲಿಲ್ಲ. ಕುಡಿದು ಶಾಲೆಯ ವ್ಯಾನ್ ಓಡಿಸಿ, ಘಾಟ್ಕೋಪರಿನ ಫ್ಲೈಓವರ್ ಕಂಬಕ್ಕೆ ಗುದ್ದಿದವನು ಇವನೇ. ವ್ಯಾನಿನಲ್ಲಿದ್ದ ಮಕ್ಕಳಲ್ಲಿ ಮನೆಗೆ ಬಾರದವಳು ಕಿಶೋರನ ಮಗಳು ನಿಶಾ ಒಬ್ಬಳೇ.

"ಮನುಷ್ಯಾ ಎಷ್ಟು ದುರ್ಬಲ ಅಂತ ದೇವರಿಗೆ ಗೊತ್ತದ. ಗೊತ್ತಿದ್ದೇ ಕರುಣಾ ತೋರಸ್ತಾನ," ಎಂದರು ಪಾಸ್ಟರ್, ಆಮೇಲೆ ಅಂಗಳದಲ್ಲಿ ಕಿಶೋರನ ಹೆಗಲ ಮೇಲೆ ಕೈಯಿಟ್ಟು.

"ನನಗ ಗೊತ್ತಿರೋದು ನನ್ನ ಮಗಳು ಇಲ್ಲ ಅನ್ನೋದಷ್ಟ, ಅಯ್ಯನವರ."

ಅವನೂ ಪ್ರಾರ್ಥಿಸಿದ್ದ. ಈ ದ್ವೇಷ ತೆಗೆದುಬಿಡು ಎಂದು ಮುಲುಂಡಿನ ಮನೆಯಲ್ಲಿ ನಿಶಾಳ ಖಾಲಿ ಮಂಚಕ್ಕೆ ಹಣೆಯೊತ್ತಿ ಅತ್ತಿದ್ದ. ದ್ವೇಷ ಹೋಗಲಿಲ್ಲ. ಊಟ ರುಚಿಸಲಿಲ್ಲ, ಹೆಂಡತಿ ಲಾವಣ್ಯಾಳ ಜೊತೆ ಮಾತು ನಿಂತೇಹೋಯಿತು. ಸುಭಾಷ ಇಲ್ಲವಾದರೆ ಮಾತ್ರ ತಾನು ಉಸಿರಾಡಬಲ್ಲೆ ಎನ್ನಿಸತೊಡಗಿತು. ಹಾಗೆ ಅನ್ನಿಸಿದ ದಿನವೇ ಮನಸ್ಸು ವಿಚಿತ್ರವಾಗಿ ತಣ್ಣಗಾಯಿತು.

ದಾರಿ ಕಿಶೋರನ ಕೈಯಲ್ಲೇ ಇತ್ತು. ಸಭೆಯ ಹಿರಿಯನಾದ್ದರಿಂದ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚುವ ಪ್ರಭು ಭೋಜನದ ದಿನ ಪಕ್ಕದ ಕೋಣೆಯಲ್ಲಿ ಕೂತು ಪುಟ್ಟ ಬಟ್ಟಲುಗಳಿಗೆ ದ್ರಾಕ್ಷಿರಸ ತುಂಬುವವನು ಅವನೇ. ತಟ್ಟೆ ಹಿಡಿದು ಸಾಲುಸಾಲಾಗಿ ಹಂಚುವವನೂ ಅವನೇ. ಯಾರು ತೆಗೆದುಕೊಳ್ಳುತ್ತಾರೆ, ಯಾರು ಇಲ್ಲ ಎಂಬುದು ಬಾಯಿಪಾಠ. ಒಂದು ಬಟ್ಟಲೂ ಹೆಚ್ಚು ತುಂಬುತ್ತಿರಲಿಲ್ಲ. ಸುಭಾಷ ಕೂರುತ್ತಿದ್ದುದು ಕಟ್ಟಕಡೆಯ ಬೆಂಚಿನಲ್ಲಿ, ಒಬ್ಬನೇ. ಪಾಸ್ಟರ್ ತಬ್ಬಿಕೊಂಡದ್ದನ್ನು ಕಂಡು ಕಣ್ಣೊರೆಸಿಕೊಂಡ ಜನವೂ ಅವನ ಪಕ್ಕ ಕೂರುತ್ತಿರಲಿಲ್ಲ. ತಟ್ಟೆಯ ನಡುವಿನ ಬಟ್ಟಲನ್ನು ಯಾರೂ ಮೊದಲು ಮುಟ್ಟುವುದಿಲ್ಲ, ಅಂಚಿನವನ್ನೇ ಎತ್ತಿಕೊಳ್ಳುತ್ತಾರೆ. ಕೊನೆಗೆ ಉಳಿಯುವುದು ನಡುವಿನದು. ಅದು ಸುಭಾಷನದು.

ಕಾಂದಿವಲಿಯಲ್ಲಿ ತಾನು ದುಡಿಯುವ ಕಾರ್ಖಾನೆಯಿಂದ ಕಿಶೋರ ತಂದ ಪುಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸುಭಾಷ ಚಾಳಿನ ಕೋಣೆ ಸೇರಿದ ಮೇಲೆ ಹೊಟ್ಟೆನೋವು ಶುರುವಾಗುತ್ತದೆ. ಕುಡಿತದಿಂದ ಅವನ ಪಿತ್ತಜನಕಾಂಗ ಮೊದಲೇ ಹಾಳಾಗಿದೆ. ಮತ್ತೆ ಕುಡಿದ, ಸತ್ತ ಎನ್ನುತ್ತಾರೆ ಜನ. ಪಾಸ್ಟರ್ ಅದಕ್ಕೂ ದೇವರ ಕರುಣೆಯ ಮೇಲೊಂದು ಪ್ರಸಂಗ ಮಾಡುತ್ತಾರೆ. ಕಿಶೋರನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಮುಂದಿನ ಪ್ರಭು ಭೋಜನದ ಭಾನುವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಗಂಡಸರ ಕಡೆ ಮುಗಿಸಿದ, ಹೆಂಗಸರ ಕಡೆ ಮುಗಿಸಿದ. ಕಡೆಯ ಬೆಂಚಿಗೆ ಬಂದಾಗ ತಟ್ಟೆಯಲ್ಲಿದ್ದುದು ಒಂದೇ ಬಟ್ಟಲು. ಸುಭಾಷ ತಲೆಯೆತ್ತದೆ ಅದನ್ನು ಎತ್ತಿಕೊಂಡು, ಎರಡೂ ಅಂಗೈಗಳ ನಡುವೆ ಹಿಡಿದು ಕಣ್ಣು ಮುಚ್ಚಿದ. ಕಿಶೋರ ಖಾಲಿ ತಟ್ಟೆಯೊಂದಿಗೆ ವೇದಿಕೆಯತ್ತ ಹೊರಟ.

ಅರ್ಧ ದಾರಿಯಲ್ಲಿ ಹಿಂದಿನಿಂದ ಸೀರೆಯ ಸದ್ದು ಕೇಳಿ ತಿರುಗಿದ. ಲಾವಣ್ಯಾ ತನ್ನ ಜಾಗ ಬಿಟ್ಟೆದ್ದು ಹೋಗಿ ಸುಭಾಷನ ಪಕ್ಕ ಕೂತಿದ್ದಳು. ಅವಳ ಮುಖ ಒದ್ದೆಯಾಗಿತ್ತು. "ಇವತ್ತ ನಾನೂ ತಗೋಬೇಕು ಅಂತ ಬಂದೆ, ತಮ್ಮಾ. ನಿನ್ನ ಜೋಡಿ," ಎಂದಳು. ಸುಭಾಷ ಗಾಬರಿಯಿಂದ ಖಾಲಿ ತಟ್ಟೆಯತ್ತ ನೋಡಿದ, ತನ್ನ ಬಟ್ಟಲನ್ನು ಅವಳ ಕೈಗಿಟ್ಟ. "ಮೊದಲ ನೀವ ತಗೋರಿ, ಅಕ್ಕಾರ."

ನಿಶಾ ಹೋದಂದಿನಿಂದ ಲಾವಣ್ಯಾ ಪ್ರಭು ಭೋಜನ ಮುಟ್ಟಿರಲಿಲ್ಲ. ಅವಳ ಸಾಲಿಗೆ ಬಂದಾಗೆಲ್ಲ ಕಿಶೋರ ಅವಳನ್ನು ದಾಟಿಕೊಂಡು ಹೋಗುತ್ತಿದ್ದ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ, ಅವಳ ಪಾಲಿಗೆ ಬಟ್ಟಲು ತುಂಬುವುದನ್ನೇ ಬಿಟ್ಟಿದ್ದ. ಅವಳೊಳಗಿನ ದುಃಖ ಕರಗಬಹುದು ಎಂಬುದೊಂದೇ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಬಟ್ಟಲು ಅವಳ ತುಟಿಯ ಹತ್ತಿರ ಹೋಯಿತು. "ಕುಡೀಬ್ಯಾಡ ಲಾವಣ್ಯಾ, ಅದರಾಗ ವಿಷ ಹಾಕೀನಿ," ಎಂಬ ಮಾತು ಕೇಳಿ ಇಡೀ ಸಭೆ ತಿರುಗಿತು. ಆಡಿದವನು ತಾನೇ ಎಂದು ಕಿಶೋರನಿಗೆ ತಿಳಿದದ್ದು ಆಮೇಲೆ.