ಹನ್ನೆರಡು ಉತ್ತರಪತ್ರಿಕೆಗಳು

ಬೀರು ತೆರೆದ ತುಂಗಾ ಹಾಗೇ ನಿಂತುಬಿಟ್ಟರು. ಐಸಿಯು ನರ್ಸ್‌ಗಳ ತರಬೇತಿ ಪರೀಕ್ಷೆಯ ಹನ್ನೆರಡು ಉತ್ತರಪತ್ರಿಕೆಗಳೂ ಮಾಯ. ನಿನ್ನೆ ಸಂಜೆ ತಾವೇ ಕಟ್ಟಿ ಇಟ್ಟಿದ್ದರು. ಬೀಗ ಮುರಿದಿಲ್ಲ—ಕೀಲಿ ಮೇಜಿನ ಡ್ರಾಯರಿನಲ್ಲಿರುವುದು ಎಲ್ಲರಿಗೂ ಗೊತ್ತು.

2002ರ ಮಾತು. ಚೆನ್ನೈನ ಕೀಲ್ಪಾಕ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ತುಂಗಾ ಈಗ ತರಬೇತಿ ನೋಡಿಕೊಳ್ಳುತ್ತಿದ್ದರು. ಪಾಠ ಮಾಡಿ ನೋಟ್ಸ್ ಬರೆದುಕೊಟ್ಟವರು ಡಾಕ್ಟರ್ ಉಪೇಂದ್ರ.

"ಇದು ಜಗದೇವಿ ಕೆಲಸ," ಎಂದರು ಉಪೇಂದ್ರ. "ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯೋಕೆ ಬರೋದಿಲ್ಲ. ಫೇಲಾದರೆ ಐಸಿಯು ಬಿಡಬೇಕು. ಇವತ್ತೇ ಜನರಲ್ ವಾರ್ಡಿಗೆ ಕಳಿಸಿ."

ಜಗದೇವಿ ಐಸಿಯು ಸೇರಿ ಹದಿನಾಲ್ಕು ವರ್ಷ. ತುಂಗಾ ಅವಸರ ಮಾಡಲಿಲ್ಲ. ಮತ್ತೊಮ್ಮೆ ಬೀರು ನೋಡಿದರು. ಕೆಳಗಿನ ಖಾನೆಯೂ ಖಾಲಿ! ಪರೀಕ್ಷೆಗೆ ಮುಂಚೆ ನರ್ಸ್‌ಗಳಿಂದ ವಾಪಸ್ ಪಡೆದ ಪಾಠದ ನೋಟ್ಸ್ ಅಲ್ಲಿದ್ದವು.

ಜಗದೇವಿಯನ್ನು ಕರೆದರು.

"ನಾ ಮುಟ್ಟಿಲ್ರಿ ಅಕ್ಕಾರ."

"ಅದನ್ನ ಕೇಳ್ತಿಲ್ಲಮ್ಮ. ಪೇಪರಿನಲ್ಲಿ ಏನು ಬರೆದೆ?"

ಜಗದೇವಿ ತಲೆಯೆತ್ತಿದಳು. ಬೆಳಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. "ಇನ್ಸುಲಿನ್ ಪ್ರಶ್ನೆಗೆ ತಾಸಿಗೆ ಒಂದು ಯೂನಿಟ್ ಅಂತ ಬರದೀನ್ರಿ. ನೋಟ್ಸಿನ್ಯಾಗ ಹತ್ತು ಅಂತಿತ್ತು. ಅದು ತಪ್ಪು ಅಂತ ಬಾಜೂಕ ಬರದೀನಿ."

ವೆಸ್ಟ್ ಮಾಂಬಲಂನಿಂದ ಬರುತ್ತಿದ್ದ ಕಿರಿಯ ನರ್ಸ್ ಅಕ್ಷಯಾ ಇದನ್ನು ಕೇಳಿ ತನ್ನ ಬ್ಯಾಗಿನಿಂದ ನೋಟ್ಸಿನ ಒಂದು ಪ್ರತಿ ತೆಗೆದಳು. "ವಾಪಸ್ ಕೊಡೋಕೆ ಮರಂದುಪೋಚ್ಚು, ಮ್ಯಾಮ್, ಮರೆತೇಹೋಯ್ತು."

ಮೂರನೇ ಪುಟ. ಗಂಟೆಗೆ ಹತ್ತು ಯೂನಿಟ್. ಹತ್ತು ಪಟ್ಟು ಹೆಚ್ಚು; ರೋಗಿಯ ಪ್ರಾಣಕ್ಕೇ ಕುತ್ತು.

ಪ್ರತಿಯನ್ನು ಉಪೇಂದ್ರರ ಮುಂದಿಟ್ಟರು. "ಫೇಲಾಗೋ ಭಯ ಇದ್ದವರು ಪೇಪರ್ ಕದೀತಾರೆ, ಡಾಕ್ಟರೇ. ನೋಟ್ಸ್ ಯಾಕೆ ಕದೀತಾರೆ? ನೋಟ್ಸ್ ಮಾಯ ಆಗಬೇಕಾಗಿದ್ದು ಅದನ್ನ ಬರೆದವರಿಗೆ ಮಾತ್ರ. ರಾತ್ರಿ ಬೀರು ತೆಗೆದು ಜಗದೇವಿಯ ಪೇಪರ್ ಓದಿದಾಗ ನಿಮಗೆ ತಪ್ಪು ಗೊತ್ತಾಯಿತು. ತೆಗೆದವರು ನೀವೇ—ಅಲ್ಲವೇ?"

ಉಪೇಂದ್ರ ಮೂರನೇ ಪುಟ ತೆರೆದರು. "ನಾನು ಒಂದು, ಚುಕ್ಕೆ, ಸೊನ್ನೆ ಅಂತ ಬರೆದಿದ್ದೆ. ಟೈಪ್ ಮಾಡುವಾಗ ಚುಕ್ಕೆ ಹೋಗಿ ಹತ್ತಾಯಿತು. ನಾನೂ ಓದಿ ನೋಡಲಿಲ್ಲ. ಸದ್ದಿಲ್ಲದೆ ತಿದ್ದಿ, ಮತ್ತೆ ಪರೀಕ್ಷೆ ಇಡೋಣ ಅಂದುಕೊಂಡೆ."

"ಅಲ್ಲಿಯವರೆಗೆ ಯಾರಾದರೂ ಹತ್ತು ಕೊಟ್ಟಿದ್ದರೆ?"



ತುಂಗಾ ಫೋನನ್ನು ಉಪೇಂದ್ರರತ್ತ ಸರಿಸಿದರು. "ಉಳಿದ ಹನ್ನೊಂದು ಜನರಿಗೂ ಹತ್ತಲ್ಲ, ಒಂದು ಅಂತ ಈಗಲೇ ನೀವೇ ಹೇಳಿ. ಜಗದೇವಿಗೆ ಅದನ್ನ ಹೇಳಬೇಕಾಗಿಲ್ಲ. ಅವಳ ಹತ್ತಿರ ಕ್ಷಮೆ ಕೇಳಿದರೆ ಸಾಕು."