ಹುಲಿಗೆವ್ವನ ಉದ್ದ ಹಾಳೆಗಳು

"ಆ ಕಟ್ಟಿಗೆ ಕೈ ಹಚ್ಚಬ್ಯಾಡ್ರಿ ವಕೀಲಸಾಹೇಬ್ರ. ಎ-ಫೋರ್ ಹಾಳಿ ಅದಾವು, ಬೇಕಾದಷ್ಟು ಒಯ್ರಿ."

ಹಾಜರಾಬಿ ಹೇಳಿ ಮುಗಿಸುವಷ್ಟರಲ್ಲಿ ಅತುಲ ಮೂಲೆಯ ಗೋಣಿತಟ್ಟನ್ನು ಎತ್ತಿಬಿಟ್ಟಿದ್ದ. ಹುಬ್ಬಳ್ಳಿ ಕೋರ್ಟಿನ ಹತ್ತಿರ ಕಾಗದ, ಮಸಿ ಮಾರುವ ಗೂಡಂಗಡಿ ಆಕೆಯದು. ತಟ್ಟಿನ ಕೆಳಗೆ ಹಳೆಯ ಫೂಲ್‌ಸ್ಕೇಪ್ ಹಾಳೆಗಳ ಕಟ್ಟು ಇತ್ತು. ಈಗಿನ ಹಾಳೆಗಿಂತ ಮೂರು ಬೆರಳು ಉದ್ದ, ಅಂಚೆಲ್ಲ ಹಳದಿ, ಇಲಿ ಹಿಕ್ಕೆಯ ವಾಸನೆ. ಕೋರ್ಟು ಎ-ಫೋರಿಗೆ ಬದಲಾದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ.

ಅತುಲನಿಗೆ ಬೇಕಾದದ್ದು ಅದೇ. ಅವನು ಬರೆಯುವ ಪತ್ರಕ್ಕೆ ಇಪ್ಪತ್ತೈದು ವರ್ಷದ ಹಿಂದಿನ ತಾರೀಖು ಹಾಕುವುದಿತ್ತು. ಹೊಸ ಅಳತೆಯ ಹಾಳೆಯ ಮೇಲೆ ಹಳೆಯ ತಾರೀಖು ಹಾಕಿದರೆ ಯಾರಾದರೂ ಹಿಡಿದಾರು.

"ಇದಕ್ಕ ಕೂದಲಿಂದ ಯಾಕ ಹೊಲಿಗಿ ಹಾಕೀರಿ?"

"ಹುಲಿಗೆವ್ವನ ಕೂದಲ್ರಿ ಅವು." ಹಾಜರಾಬಿಯ ದನಿ ಇಳಿಯಿತು. "ಅಕ್ಷರ ಬರದ ಹೆಣಮಗಳ್ರಿ, ಖಾಲಿ ಹಾಳಿ ಮ್ಯಾಲೆ ಆಕಿ ಹೆಬ್ಬಟ್ಟ ಒತ್ತಿಸಿಕೊಂಡು ದಾಯಾದಿಗಳು ಆಕಿ ಹೊಲಾನ ಬರಕೊಂಡ್ರು. ಬರದ ಕೈ ನಮ್ಮ ಮನಿಯವರದು. ಗೊತ್ತಾದ ದಿನ ಆಕಿ ತಲಿ ಬೋಳಿಸಿಕೊಂಡು, ಮಾಟಗಾರನ್ನ ಕರಕೊಂಡು ಇಲ್ಲೇ ಬಂದ್ಲು. ಉಳದ ಹಾಳಿಗೆ ಹಿಂಗ ಹೊಲಿಗಿ ಹಾಕಿಸಿ ಹೋದ್ಲು. ಆವತ್ತಿಂದ ನಮ್ಮವರು ಪೆನ್ ಹಿಡೀಲಿಲ್ರಿ."

"ಯಾಕ, ಕೈ ನಡಗತಿದ್ವೇನು?"

"ಹೇಳಾಕ ನಾಚಿಕಿ ಬರತೈತ್ರಿ."

"ಸುಟ್ಟು ಒಗೀಬೇಕಿಲ್ಲ?"

"ನಮ್ಮ ಪಾಪ ನಮ್ಮ ಕಣ್ಣ ಮುಂದ ಇರಲಿ ಅಂತ ಇಟ್ಟೇನಿ."

ಅತುಲ ಗಹಗಹಿಸಿ ನಕ್ಕ. "ಹುಲಿಗೆವ್ವಗ ಹೇಳ್ರಿ, ತಕರಾರಿದ್ರ ಹೈಕೋರ್ಟಿಗೆ ಅಪೀಲು ಹೋಗು ಅಂತ." ಅನ್ನುತ್ತಲೇ ಒಂದು ಹಾಳೆ ಜಗ್ಗಿದ. ಮೂಲೆ ಹರಿದು ಹಾಳೆ ಕೈಗೆ ಬಂತೇ ಹೊರತು ಕೂದಲು ಹರಿಯಲಿಲ್ಲ.

ಗೋಕುಲ ರಸ್ತೆಯ ಅವನ ಆಫೀಸಿನಲ್ಲಿ ಬಾಳವ್ವ ಆಗಲೇ ಬಂದು ಕೂತಿದ್ದಳು. ತಂದೆಯ ಅಕ್ಕ, ತಾಯಿಯಿಲ್ಲದ ಅತುಲನನ್ನು ಬಗಲಲ್ಲಿ ಹೊತ್ತು ಶಾಲೆಗೆ ಒಯ್ದವಳು. ಬೈರಿದೇವರಕೊಪ್ಪದಲ್ಲಿನ ಅಜ್ಜನ ಜಾಗದಲ್ಲಿ ಅರ್ಧ ಅವಳದು, ಅಲ್ಲಿನ ಒಂದು ಖೋಲಿಯಲ್ಲೇ ಅವಳ ಬದುಕು. ಅಜ್ಜ ಸತ್ತ ವರ್ಷವೇ ಅವಳು ತನ್ನ ಪಾಲು ಬಿಟ್ಟುಕೊಟ್ಟಿದ್ದಳೆಂದು ಅತುಲ ಬರೆಯಲಿದ್ದ. ಆ ಪತ್ರವೊಂದು ಹುಟ್ಟಿದರೆ ಆಕೆಗೆ ಖೋಲಿಯೂ ಇಲ್ಲ.

"ಇದು ಖಾಲಿ ಐತಲ್ಲೋ ಅಪ್ಪಿ."

"ದವಾಖಾನಿ ಅರ್ಜಿ ಅತ್ತಿ, ನಿನ್ನ ಕಣ್ಣಿನ ಆಪರೇಶನ್ನಿಂದು. ಆಮ್ಯಾಲೆ ಬರಕೋತೇನಿ."

"ಆತು ತಗೋ. ನೀ ಓದಿದಾಂವ." ಸೆರಗಿಗೆ ಬೆರಳು ಒರೆಸಿಕೊಂಡು, ಮಗುವಿನ ಹಾಗೆ ಕೈ ಚಾಚಿದಳು. ರೊಟ್ಟಿ ಬಡಿದು ಬಡಿದು ಒರಟಾದ ಹೆಬ್ಬೆಟ್ಟು. ಅತುಲ ಅದನ್ನು ಹಿಡಿದು, ಮಸಿಗೆ ಹೊರಳಿಸಿ, ಹಾಳೆಯ ಕೆಳತುದಿಗೆ ಒತ್ತಿದ. "ಹಾಳಿ ಯಾಕೋ ಹಸಿ ಐತಿ," ಎಂದಳು. ಅವನು ಅವಳಿಗೆ ಚಹಾ ತರಿಸಿಕೊಟ್ಟು, ಒಳಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಕಿಟಕಿಯಿಲ್ಲದ ಖೋಲಿ. ಹೊರಗೆ ಗ್ಯಾರೇಜಿನ ಸುತ್ತಿಗೆ ಸದ್ದು. ಪೆನ್ನಿಗೆ ಮಸಿ ತುಂಬಿ, ಮೊದಲಿಗೆ ಅತ್ತೆಯ ಹೆಸರು ಬರೆದ.

ಕರೆಂಟು ಹೋಯಿತು.

ಫ್ಯಾನು ನಿಂತಿತು. ಸುತ್ತಿಗೆಯೂ ನಿಂತಿತು. ನಡುಹಗಲಲ್ಲಿ ಬಾವಿಯ ತಳದಂಥ ಕತ್ತಲೆ. ಸುಟ್ಟ ಕೂದಲ ವಾಸನೆ, ಅದರೊಳಗೆ ಕೊಬ್ಬರಿ ಎಣ್ಣೆಯ ಕಮಟು. ಮೊಬೈಲಿನ ಬೆಳಕು ಹಚ್ಚಿ ಹಾಳೆಯ ಮೇಲೆ ಹಿಡಿದ. ತಾನು ಬರೆದದ್ದು ಅಲ್ಲೇ ಇತ್ತು. ಆದರೆ ಏನು ಬರೆದಿದ್ದ? ಒಂದಕ್ಷರವೂ ಗುರುತು ಹತ್ತಲಿಲ್ಲ; ಕಪ್ಪು ಇರುವೆಗಳ ಸಾಲು, ಅಷ್ಟೇ. ಗೋಡೆಯ ಕ್ಯಾಲೆಂಡರಿಗೆ ಬೆಳಕು ಹಿಡಿದ. ಇರುವೆಗಳು. ಕಾನೂನು ಪುಸ್ತಕಗಳ ಬೆನ್ನಿಗೆ ಹಿಡಿದ. ಇರುವೆಗಳು. ಕೈಯಲ್ಲಿದ್ದ ಮೊಬೈಲಿನ ಮೇಲೂ ಇರುವೆಗಳು.

ಬೆನ್ನ ಹಿಂದೆ ಯಾರೋ ಉಸಿರಾಡಿದರು.

"ಓದಿ ಹೇಳ್ರಿ ಸಾಹೇಬ್ರ. ನನಗ ಅಕ್ಷರ ಬರೂದಿಲ್ಲ."

ಬೋಳಿಸಿದ ತಲೆಯೊಂದು, ತಣ್ಣಗೆ, ಒದ್ದೆಯಾಗಿ, ಅವನ ಕೆನ್ನೆಗೆ ತಾಗಿತು. ಮೊಬೈಲು ಕೈಜಾರಿ ಬಿತ್ತು.

"ಏನ ಬರದೀರಿ?"

"ಅರ್ಜಿ... ದವಾಖಾನಿ ಅರ್ಜಿ."

ನಾಲಿಗೆಗೆ ಏನೋ ಸುತ್ತಿಕೊಂಡಿತು. ಬೆರಳು ಹಾಕಿ ಹಿಡಿದ. ಕೂದಲು. ಎಳೆದ. ಬಂತು. ಮತ್ತೂ ಬಂತು. ಮೊಳಗಟ್ಟಲೆ ಬಂತು. ಗಂಟಲಿನಿಂದ, ಎದೆಯಿಂದ, ಹೊಟ್ಟೆಯೊಳಗಿಂದ. ಉಸಿರು ಕಟ್ಟಿತು. ಕಣ್ಣುಗುಡ್ಡೆ ಹೊರಬರುವಂತಾದವು.

"ಏನ ಬರದೀರಿ?"

"ಸುಳ್ಳು!" ಎಂದು ಕಿರುಚಿದ. "ಅರ್ಜಿ ಅಲ್ಲ! ಅತ್ತಿ ಪಾಲು ಹೊಡಕೊಳ್ಳಾಕ... ಖಾಲಿ ಹಾಳಿಗೆ ಹೆಬ್ಬಟ್ಟ ತಗೊಂಡೆ... ಆಕಿನ್ನ ಮನಿ ಬಿಡಸಾಕ!"

ಫ್ಯಾನು ತಿರುಗಿತು. ಬಾಯಲ್ಲಿ ಏನೂ ಇರಲಿಲ್ಲ. ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಬಾಳವ್ವ ನಿಂತಿದ್ದಳು, ಕೈಯಲ್ಲಿ ಚಹಾದ ಕಪ್ಪು. ಎಲ್ಲ ಕೇಳಿದ್ದಳು.

ಅತುಲ ಹಾಳೆಯನ್ನು ಚೂರುಚೂರು ಹರಿದ. ತಲೆಯೆತ್ತಲು ಆಗಲಿಲ್ಲ. ಆಕೆ ಬೈದಿದ್ದರೆ, ಚಪ್ಪಲಿ ತೆಗೆದು ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಆಕೆ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ತಿಕ್ಕುತ್ತ, ತಿಕ್ಕುತ್ತ ನಿಂತಳು.

"ಹಂಗಾರ," ಎಂದಳು ಮೆಲ್ಲಗೆ, "ಕಣ್ಣಿಂದೂ ಸುಳ್ಳೇನೋ?"

ಅದನ್ನವನು ಸುಳ್ಳಾಗಿಸಲಿಲ್ಲ. ಮರುವಾರವೇ ಕರೆದೊಯ್ದು ಆಪರೇಶನ್ ಮಾಡಿಸಿದ. ದವಾಖಾನೆಯ ಕಾಗದದ ಮೇಲೆ ಸಂಬಂಧಿಕರ ಸಹಿ ಬೇಕೆಂದಾಗ ಅವನು ಪೆನ್ನನ್ನು ಪಕ್ಕಕ್ಕೆ ಸರಿಸಿ ಹೆಬ್ಬೆಟ್ಟು ಒತ್ತಿದ. ಬಾಳವ್ವ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಅಕ್ಷರ ಮರಳಲಿಲ್ಲ. ಯಾರಿಗೂ ಹೇಳಲೂ ಬಾಯಿ ಬರಲಿಲ್ಲ. ಕರಿಕೋಟು ತೊಟ್ಟು ದಿನಾಲು ಕೋರ್ಟಿಗೆ ಬರುತ್ತಾನೆ. ಬೇವಿನ ಗಿಡದ ಕೆಳಗೆ, ಜನ ಕಡಿಮೆ ಇರುವ ಕಡೆ ಕೂರುತ್ತಾನೆ. ಮೊನ್ನೆ ಹಳ್ಳಿಯಿಂದ ಮುರುಗೆಪ್ಪನೆಂಬ ಮುದುಕ ಬಂದು ಕೋರ್ಟಿನ ದುಂಡನೆ ಶಿಕ್ಕಾ ಒತ್ತಿದ್ದ ನೋಟೀಸೊಂದನ್ನು ಕೊಟ್ಟ.

"ಏನ ಬರದಾರ ನೋಡ್ರಿ ಸಾಹೇಬ್ರ. ನಾ ಸಾಲಿ ಕಂಡಾಂವಲ್ಲ."

ಅತುಲ ಎರಡೂ ಕೈಯಲ್ಲಿ ಕಾಗದ ಹಿಡಿದ. ಹುಬ್ಬು ಗಂಟಿಕ್ಕಿದ. ಸಾಲಿನಿಂದ ಸಾಲಿಗೆ ಕಣ್ಣು ಆಡಿಸಿದ. ಹೂಂ, ಹೂಂ ಎಂದು ತಲೆದೂಗಿದ.

ಮುರುಗೆಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಆಚೀಚೆ ಯಾರಾದರೂ ಇದ್ದಾರೇನೋ ಎಂದು ನೋಡಿದ. ಹತ್ತಿರ ಸರಿದು, ಅತುಲನ ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಮೇಲುಕೆಳಗಾಗಿ ತಿರುಗಿಸಿ ಹಿಡಿಸಿದ.

"ಶಿಕ್ಕಾ ಕೆಳಗ ಬರತೈತ್ರಿ, ಸಾಹೇಬ್ರ," ಎಂದ, ಇನ್ನೊಬ್ಬರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ.