ಕೊರಳಲ್ಲಿ ಹಸಿರು ಟ್ಯಾಗು

ಮದ್ದೂರಿನ ಆ ಕಲ್ಯಾಣ ಮಂಟಪದಲ್ಲಿ ಅವತ್ತು ಮದುವೆ ಇರಲಿಲ್ಲ. ಊಟದ ಹಾಲಿನ ಉದ್ದುದ್ದ ಟೇಬಲ್ಲುಗಳ ಮೇಲೆ ಎಲೆಗಳ ಬದಲು ಅಂಗಿಗಳ ರಾಶಿ ಇತ್ತು. ಹಾಸನದ ಹೊಸ ಗಾರ್ಮೆಂಟ್ಸಿನವರು ಕೆಲಸಕ್ಕೆ ಜನ ಆರಿಸಲು ಬಂದಿದ್ದರು. ತಲೆಗೆ ಇಪ್ಪತ್ತು ಅಂಗಿ. ಅವುಗಳಲ್ಲಿ ಬೇಕೆಂದೇ ಬಿಟ್ಟ ಹೊಲಿಗೆಯ ತಪ್ಪುಗಳನ್ನು ಅರ್ಧ ಗಂಟೆಯಲ್ಲಿ ಹುಡುಕಬೇಕು.

ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡಿದ್ದ ಅರುಂಧತಿ ಹದಿನೇಳನೆಯ ಅಂಗಿಯ ಕಾಲರು ತಿರುಗಿಸುತ್ತಿದ್ದಳು. ಆಗ ಹಾಲಿನ ಆ ತುದಿಯಲ್ಲಿ, ಹೊಲಿಗೆ ಮಿಷನ್ನುಗಳ ಹಿಂದಿನಿಂದ ಒಬ್ಬ ಎದ್ದು ನಿಂತ.

ಪ್ರಸನ್ನ...

ಎರಡೂವರೆ ತಿಂಗಳಾಗಿತ್ತು ಆ ಮುಖ ಕಂಡು. ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. ಕೊರಳಲ್ಲಿ ಹಸಿರು ಟ್ಯಾಗಿನ ಐಡಿ ಕಾರ್ಡು.

ಅರುಂಧತಿಯ ಕೈ ಕಾಲರಿನ ಮೇಲೇ ನಿಂತುಬಿಟ್ಟಿತು.

ಅವರಿಬ್ಬರೂ ಏಳು ವರ್ಷ ಒಂದೇ ಫ್ಯಾಕ್ಟರಿಯಲ್ಲಿದ್ದವರು. ಹೊಲಿದ ಬಟ್ಟೆ ತಪಾಸಣೆ ಮಾಡುವ ಚೆಕ್ಕರ್ ಅವಳು, ಮಂಡ್ಯದ ಹತ್ತಿರದ ದುದ್ದದಿಂದ ಬರುತ್ತಿದ್ದ ಮಿಷನ್ ಮೆಕ್ಯಾನಿಕ್ ಅವನು. ಅಲ್ಲಿ ದಿನಗೂಲಿಯವರಿಗೆ ಹಳದಿ ಟ್ಯಾಗು, ಕಾಯಂ ಆದವರಿಗೆ ಹಸಿರು. ಆ ಹಸಿರಿಗಾಗಿ ಅವಳು ಮೂರು ವರ್ಷ ಕಾದಿದ್ದಳು.

ಇಡೀ ಲೈನಿನ ಹೆಂಗಸರು ಅವನನ್ನು ಪ್ರಸನ್ನಣ್ಣ ಎನ್ನುತ್ತಿದ್ದರು. ಅರುಂಧತಿಯ ನಾಲಿಗೆಗೆ ಮಾತ್ರ ಆ ‘ಅಣ್ಣ’ ಒಂದು ದಿನವೂ ಬರಲಿಲ್ಲ. ಟೀ ಹೊತ್ತಿನಲ್ಲಿ ಅವನು ಎದುರಿಗೆ ಬಂದು ಕೂರುತ್ತಿದ್ದ. ಮಳೆ, ಬಸ್ಸು, ಕರೆಂಟು ಎಂದು ಏನೇನೋ ಮಾತು. ಆಡಬೇಕಾದ್ದು ಮಾತ್ರ ಇಬ್ಬರಲ್ಲೂ ಉಳಿದೇ ಹೋಯಿತು.

ಒಂದು ಸೋಮವಾರ ಗೇಟಿಗೆ ನೋಟೀಸು ಅಂಟಿಸಿದ್ದರು. ಅವರಿಬ್ಬರೂ ಸೇರಿ ಇನ್ನೂರು ಚಿಲ್ಲರೆ ಜನ ಹೊರಗೆ. ಬೇರೆ ಕೆಲಸ ಏನಾದರೂ ಗೊತ್ತಾದರೆ ಫೋನ್ ಮಾಡುತ್ತೇನೆ ಎಂದು ಹೇಳಿ ಹೋದ ಪ್ರಸನ್ನ ಮಾಡಲಿಲ್ಲ. ತಾನೇ ಮೊದಲು ಮಾಡುವುದು ಹೇಗೆ ಎಂದು ಅವಳೂ ಮಾಡಲಿಲ್ಲ. ಮಳವಳ್ಳಿಯಲ್ಲಿ ಮಿಷನ್ ರಿಪೇರಿ ಅಂಗಡಿ ಇಟ್ಟಿದ್ದಾನೆಂದು ಜೊತೆಯ ದೀಪಿಕ ಹೇಳಿದ್ದಳು, ಅಷ್ಟೆ.

‘ಅಂಗಡಿ ಮುಚ್ಚಿ ಇಲ್ಲಿ ಕಾಯಂ ಆಗಿದಾರೆ. ನನಗೊಂದು ಮಾತೂ ಹೇಳಲಿಲ್ಲ...’

ಪರೀಕ್ಷೆ ಮುಗಿದ ಮೇಲೆ ಅವನೇ ಹತ್ತಿರ ಬಂದ. ಚೆನ್ನಾಗಿದ್ದೀರಾ ಎಂದ. ಹೂಂ ಎಂದಳು. ಅವನು ಅವಳ ಮುಂದಿದ್ದ ಅಂಗಿಯೊಂದನ್ನು ಮಡಚಿಟ್ಟ.

"ಸಿಕ್ಕಿದ್ರೆ ಓಯ್ತೀರಾ ಹಾಸನಕ್ಕೆ?"

"ನೋಡ್ಬೇಕು."

"ಒಳ್ಳೇ ಕೆಲ್ಸ" ಎಂದು ಅವನು ಮಿಷನ್ನುಗಳ ಕಡೆ ತಿರುಗಿಕೊಂಡ. ಆ ಮುಖ ಯಾಕೆ ಬಾಡಿತೆಂದು ಅವಳಿಗೆ ತಿಳಿಯಲಿಲ್ಲ.

ಕೆಲಸ ಸಿಕ್ಕಿತು. ಚೆಕಿಂಗ್ ವಿಭಾಗಕ್ಕೆ ಇನ್‌ಚಾರ್ಜು. ಇರಲು ಹಾಸ್ಟೆಲು. ಒಪ್ಪುವುದಾದರೆ ಮೂರನೆಯ ದಿನ ಸಂಜೆ ಐದರೊಳಗೆ ಸಹಿ ಮಾಡಿದ ಕಾಗದವನ್ನು ಇದೇ ಮಂಟಪಕ್ಕೆ ಮುಟ್ಟಿಸಬೇಕು.

ಮಳವಳ್ಳಿಯಾಚೆಗಿನ ಪೂರಿಗಾಲಿಯ ಮನೆಯಲ್ಲಿ ಅರುಂಧತಿ ಕಾಗದವನ್ನು ಬುದ್ಧನ ಫೋಟೋದ ಕೆಳಗಿಟ್ಟಳು. ಹಾಸನವೆಂದರೆ ವಾರಕ್ಕೊಂದೇ ದಿನ ಮನೆ. ಅವ್ವನ ಬಿಪಿ ಮಾತ್ರೆ, ಹಸುವಿನ ಹುಲ್ಲು ಎಲ್ಲವನ್ನೂ ಪಕ್ಕದ ಮನೆಯ ಚಿಕ್ಕಮ್ಮನಿಗೆ ಒಪ್ಪಿಸಬೇಕು. ಬೇಡವೆಂದರೆ ಇಲ್ಲಿ ಇರುವುದಾದರೂ ಏನು? ಮಂಡ್ಯದ ಬಟ್ಟೆ ಅಂಗಡಿಯವರು ಕೆಲಸ ಬರುತ್ತದೆಯೇ ಎಂದು ಕೇಳುವ ಮೊದಲು ಮದುವೆ ಯಾವಾಗ ಎಂದು ಕೇಳಿದ್ದರು.

ಹಾಗೆಲ್ಲ ತೂಗಿದಳು. ಆದರೆ ತಕ್ಕಡಿಯನ್ನು ಬಗ್ಗಿಸುತ್ತಿದ್ದುದು ಬೇರೆಯೇ ಎಂದು ಅವಳಿಗೂ ಗೊತ್ತಿತ್ತು. ಹಾಸನದಲ್ಲಿ ಮತ್ತೆ ಟೀ ಹೊತ್ತು ಬರುತ್ತದೆ. ಎದುರಿಗೆ ಅವನು ಬಂದು ಕೂರುತ್ತಾನೆ...

ಅವ್ವ ಪಟ್ಟಲಮ್ಮ ಅವರೇಕಾಯಿ ಬಿಡಿಸುತ್ತಾ ಕೇಳಿದಳು: "ಆ ದುದ್ದದ ಉಡುಗ ಅಲ್ಲೇ ಸೇರ್ಕಂಡವ್ನಾ?"

"ಸೇರ್ಕಂಡವ್ರೆ."

"ಅದುಕ್ಕೇ ಓಯ್ತಿದ್ದೀಯಾ, ಇಲ್ಲ ಕೆಲ್ಸಕ್ಕಾ?"

"ಕೆಲ್ಸಕ್ಕೆ ಕಣವ್ವ."

"ಸರಿ ಬುಡು. ಕಾಯಿ ಬಿಡ್ಸು ಬಾ. ನಿನ್ ಸುಳ್ಳು ಕೇಳ್ಕಂಡು ಕೂತ್ರೆ ಸಾರಾಗಕ್ಕಿಲ್ಲ."

ತಲೆ ತಗ್ಗಿಸಿಕೊಂಡು ಬಂದು ಕೂತ ಮಗಳ ಕಿವಿಗೆ ಅವ್ವನ ಗೊಣಗಾಟ ಬಿತ್ತು. ದುದ್ದದವನಿಗೆ ಮಂಡ್ಯ ಕಾಲ ಬುಡದಲ್ಲಿರುವಾಗ ಮಳವಳ್ಳಿಗೇ ಬಂದು ಯಾಕೆ ಅಂಗಡಿ ಇಟ್ಟನಂತೆ, ಅದನ್ನು ಯಾರಾದರೂ ಕೇಳಿದರಾ ಎಂದು.

ಅರುಂಧತಿ ಕೇಳಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಮದ್ದೂರಿಗೆ ಹೋದಳು. ಮಂಟಪದ ಬಾಗಿಲಲ್ಲಿ ಕೂತಿದ್ದ ಸೆಕ್ಯೂರಿಟಿ ದೇವರಾಜು ಹೆಸರು ಬರೆದುಕೊಂಡು, ಅವಳ ಕೈಗೆ ಹಸಿರು ಟ್ಯಾಗೊಂದನ್ನು ಕೊಟ್ಟ. ಹಾಕಿಕೊಂಡು ಒಳಗೆ ಹೋಗಿ, ವಾಪಸು ಹೋಗುವಾಗ ಕೊಟ್ಟುಬಿಡಿ ಎಂದ.

"ಇದು ಕಾಯಂ ಆದೋರಿಗಲ್ವಾ?"

"ಅಲ್ಲ ಕಣಮ್ಮ. ಅವ್ರುಗೆ ನೀಲಿ. ಇದು ಒರಗಿಂದ ಬಂದೋಗೋರಿಗೆ."

ಅರುಂಧತಿ ಟ್ಯಾಗನ್ನು ತಿರುಗಿಸಿ ನೋಡಿದಳು. ಮೊನ್ನೆ ಮೆಕ್ಯಾನಿಕ್ ಒಬ್ಬರ ಕೊರಳಲ್ಲಿ ಇದೇ ಇತ್ತಲ್ಲ ಎಂದಳು.

"ಅವ್ರಾ? ಮಿಷನ್ ಜೋಡ್ಸೋಕೆ ಎಲ್ಡ್ ದಿನ ಬಂದಿದ್ರು. ಸಾಯೇಬ್ರು ಕೆಲ್ಸುಕ್ಕೆ ಬಾ ಅಂತ ಎಷ್ಟ್ ಕರುದ್ರೂ ಮಳವಳ್ಳಿ ಬುಟ್ ಬರಕ್ಕಿಲ್ಲ ಅಂದ್ಬುಟ್ರು."

ಏಳು ವರ್ಷ ಊರವರ ಹೊಲಿಗೆಯ ತಪ್ಪು ಹಿಡಿದವಳು, ತನ್ನ ಕಣ್ಣೆದುರಿನದನ್ನು ಹಳೆಯ ಫ್ಯಾಕ್ಟರಿಯ ಲೆಕ್ಕದಲ್ಲಿ ನೋಡಿ ಮೋಸಹೋಗಿದ್ದಳು. ಟ್ಯಾಗನ್ನು ಟೇಬಲ್ಲಿನ ಮೇಲಿಟ್ಟು, ಐದರೊಳಗೆ ಬರುತ್ತೇನೆಂದು ಹೇಳಿ, ಮಳವಳ್ಳಿಯ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಮಿಷನ್ನೊಂದನ್ನು ಮಗುಚಿ ಹಾಕಿ ಎಣ್ಣೆ ಬಿಡುತ್ತಿದ್ದ ಪ್ರಸನ್ನ, ಅವಳನ್ನು ಕಂಡು ಎದ್ದುನಿಂತ.

"ಸೈನ್ ಆಯ್ತಾ?"

"ಇಲ್ಲ." ಅವಳು ಕೂರಲಿಲ್ಲ. "ದುದ್ದ ನಿಮ್ಮೂರು. ಮಂಡ್ಯ ಬಿಟ್ಟು ಇಲ್ಲಿ ಯಾಕೆ ಅಂಗ್ಡಿ ಹಾಕಿದ್ರಿ?"

ಅವನು ಬಟ್ಟೆಯಲ್ಲಿ ಕೈ ಒರೆಸಿದ. ಒರೆಸುತ್ತಲೇ ಇದ್ದ.

"ಪೂರಿಗಾಲಿ ಬಸ್ಸು ಈ ರಸ್ತೇಲೇ ಓಗೋದು" ಎಂದ ಕೊನೆಗೆ. "ಕೆಲ್ಸ ಹುಡುಕ್ಕಂಡು ಓಡಾಡ್ತಿದ್ರಲ್ಲ. ಕಿಟ್ಕೀಲಿ ಹದಿನಾಲ್ಕು ಸಲ ಕಂಡ್ರಿ."

"ಯಾಕೆ ಕರೀಲಿಲ್ಲ?"

"ಈ ಒಂದು ಬಾಗ್ಲು ತೋರ್ಸಿ ಏನಂತ ಕರೀಲಿ? ನಾಲ್ಕು ಜನ ಗಿರಾಕಿ ಆಗ್ಲಿ ಅಂತಿದ್ದೆ."

"ನೀವು ಅಲ್ಲಿರ್ತೀರ ಅಂತ ನಾನು ಹಾಸನ ಒಪ್ಕೊಳ್ಳೋಕೆ ಹೊರಟಿದ್ದೆ..."

"ಅವ್ವನ್ನ ಬುಟ್ಟು ನೀವು ಎಲ್ಗೂ ಓಗಲ್ಲ ಅಂತ ನಾನು ಬ್ಯಾಡ ಅಂದೆ. ಅಂದು ಈಚೆ ಬಂದ್ರೆ, ನೀವು ಅಂಗಿ ಹಿಡ್ಕಂಡು ಕೂತಿದ್ರಿ."

ಅವನು ಬೇಡವೆಂದ ಆ ಮೆಕ್ಯಾನಿಕ್ ಕೆಲಸಕ್ಕೆ ಮರುದಿನವೇ ಬೇರೆಯವರನ್ನು ತೆಗೆದುಕೊಂಡಿದ್ದರಂತೆ. ಅರುಂಧತಿ ಬ್ಯಾಗಿನಿಂದ ಕಾಗದ ತೆಗೆದು ಅವನೆದುರು ಹಿಡಿದಳು.

"ಹೋಗ್ಬೇಡ ಅಂತ ಒಂದು ಸಲ ಅನ್ನಿ. ಇಲ್ಲೇ ಹರಿದು ಹಾಕ್ತೀನಿ."

ಅನ್ನಬೇಕೆಂದು ಅವನ ಜೀವವೆಲ್ಲ ಬಾಯಿಗೆ ಬಂದಿತ್ತು. ಅವಳಿಗೆ ಕಂಡಿತು. ಅವನು ಕಾಗದವನ್ನು ತೆಗೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದ.

"ಅನ್ನಲ್ಲ" ಎಂದ. "ಏಳು ವರ್ಷ ನಿಂತ ಕಾಲಲ್ಲಿ ಕೆಲ್ಸ ಮಾಡಿದ್ದೀಯ. ಇವತ್ತು ಇನ್‌ಚಾರ್ಜ್ ಅಂತ ಬರ್ದವ್ರೆ. ನನ್ ಮಾತಿಗೆ ಇದ್ನ ಹರುದ್ರೆ, ನಾಳೆ ನನ್ ಮೊಖ ನೋಡ್ದಾಗೆಲ್ಲ ನಿಂಗೆ ಇದೇ ಕಾಣ್ತದೆ. ಓಗು."

ಓಗು ಎಂದದ್ದಕ್ಕೆ ಅವಳ ಕಣ್ಣು ತುಂಬಿತು. ಅವನು ಮೊದಲ ಸಲ ‘ನೀನು’ ಎಂದದ್ದು ಆಮೇಲೆ ಮನಸ್ಸಿಗೆ ಇಳಿಯಿತು.

"ಓಗೋಕ್ ಮುಂಚೆ... ನಿಮ್ಮವ್ವನ್ನ ಒಂದ್ ಮಾತು ಕೇಳೋಕೆ ಬರ್ಲಾ?"

"ಅವ್ವನ್ನ ಆಮೇಲೆ ಕೇಳಿ. ಮೊದ್ಲು ನನ್ನ ಕೇಳಿ."

ಮದ್ವೆ ಆಯ್ತೀಯಾ ಎಂದು ಅವನು ಕೇಳಿದ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಅದು ಹೋಗುವವರೆಗೆ ಕಾದು ಇನ್ನೊಮ್ಮೆ ಕೇಳಿದ.

"ಆಯ್ತೀನಿ" ಎಂದಳು ಅರುಂಧತಿ.

ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಕಾಗದ ಇಟ್ಟು ಸಹಿ ಮಾಡಿದಳು. ಗಂಟೆ ಮೂರೂವರೆ. ಬೈಕಿನಲ್ಲಿ ಹೋದರೆ ಐದರೊಳಗೆ ಮದ್ದೂರು ಮುಟ್ಟಬಹುದೆಂದು ಅವನು ಶಟರು ಎಳೆದ.

ಹಿಂದೆ ಹತ್ತಿ ಕೂತು, ಅವನ ಭುಜದ ಮೇಲೆ ಕೈಯಿಟ್ಟಳು.

"ಭಾನುವಾರ ಒಂದೇ ದಿನ ಸಿಗೋದು ನಾನು. ಸಾಕಾ?"

"ಸಾಕಾಗಲ್ಲ" ಎಂದ ಅವನು.

"ನಂಗೂ..." ಎಂದಳು.